ಅರ್ಧ ದುರಸ್ತಿಯಾದ ಫೋನುಗಳು

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜು ಈಗ ಬಾಯಲ್ಲಿ ನಡೆಯುವುದಿಲ್ಲ, ಬೆರಳಲ್ಲಿ ನಡೆಯುತ್ತದೆ. ಗೂಡು ಕೊಂಡು ನೂಲು ತೆಗೆಸುವ ರೀಲರುಗಳು ಲಾಟಿನಿಂದ ಲಾಟಿಗೆ ನಡೆದು, ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಲ್ಲಿ ಒತ್ತಿ ಗಟ್ಟಿತನ ನೋಡುತ್ತಾರೆ. ಆಮೇಲೆ ಮೊಬೈಲು ತೆಗೆದು ಲಾಟ್ ನಂಬರು, ಕೆಜಿಗೆ ಇಷ್ಟು ಎಂದು ಒತ್ತುತ್ತಾರೆ. ಒಪ್ಪಿದ ಬೆಲೆಯ ಹಣ ರೈತರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಏಷ್ಯಾದಲ್ಲೇ ದೊಡ್ಡದು ಎನ್ನಿಸಿಕೊಂಡ ಗೂಡಿನ ಮಾರುಕಟ್ಟೆ ಹೀಗೆ ಬದಲಾದದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆ ಬೆರಳುಗಳ ಕೆಳಗಿರುವ ಫೋನಿನ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ನಾವು ಇನ್ನೂ ಗಂಭೀರವಾಗಿ ನೋಡಿಲ್ಲ. ನೋಡದಿದ್ದರೆ ಬರುವ ವರ್ಷಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಬೆಳೆಗಾರರು, ಕುಶಲಕರ್ಮಿಗಳು ದುಡಿದ ಹಣ ಕಳೆದುಕೊಳ್ಳುವ ಸಂಭವ ನಿಜವಾಗಿಯೂ ಇದೆ.

ಫೋನಿನಲ್ಲಿ ನಮಗೆ ಕಾಣುವುದು ಆ್ಯಪ್‌ಗಳು. ಅವುಗಳ ಕೆಳಗೆ, ಕಣ್ಣಿಗೆ ಬೀಳದಂತೆ, ಕರ್ನಲ್ ಇದೆ. ಯಾವ ಆ್ಯಪ್‌ಗೆ ಎಷ್ಟು ಮೆಮೊರಿ, ಯಾವ ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು, ಕ್ಯಾಮೆರಾ, ಮೈಕು, ಎಸ್‌ಎಂಎಸ್ ಯಾರ ಕೈಗೆ ಸಿಗಬೇಕು ಎಂಬ ತೀರ್ಮಾನಗಳೆಲ್ಲ ಕೊನೆಗೆ ಅಲ್ಲಿ ಜಾರಿಯಾಗುತ್ತವೆ. ಯಾವುದೋ ಆಟದ ಆ್ಯಪ್ ನಿಮ್ಮ ಬ್ಯಾಂಕಿನ ಆ್ಯಪ್‌ನೊಳಗೆ ಇಣುಕದಂತೆ ತಡೆದಿರುವುದು ಬ್ಯಾಂಕ್ ಅಲ್ಲ, ಯುಪಿಐ ಅಲ್ಲ, ಈ ಕರ್ನಲ್. ಭಾರತದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಅದರಲ್ಲಿ ದೋಷ ಸಿಕ್ಕಿತು, ಸರಿಪಡಿಸಿದರು ಎಂಬ ಸುದ್ದಿ ಆಗಾಗ ಬರುತ್ತದೆ. ಆ ಸುದ್ದಿ ಕೇಳಿ ನಿಶ್ಚಿಂತರಾಗುವಂತಿಲ್ಲ ಎನ್ನುವುದಕ್ಕೆ ಸಾಕ್ಷ್ಯ ಸಾಕಷ್ಟಿದೆ.

ಮೊದಲ ಸಾಕ್ಷ್ಯ ಈ ಜಿಲ್ಲೆಯಷ್ಟೇ ವಯಸ್ಸಿನದು. ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದದ್ದು 2007ರ ಆಗಸ್ಟ್‌ನಲ್ಲಿ. (2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು.) ಅದಕ್ಕೆ ಒಂದು ತಿಂಗಳು ಮೊದಲು, ಜುಲೈಯಲ್ಲಿ, ಲಿನಕ್ಸ್ 2.6.22 ಹೊರಬಂದಿತ್ತು. ಆ ಆವೃತ್ತಿಯಿಂದ ಮುಂದಕ್ಕೆ ಕರ್ನಲ್‌ನಲ್ಲಿ ಒಂದು ದೋಷ ಒಂಬತ್ತು ವರ್ಷ ಕುಳಿತೇ ಇತ್ತು. ಆಮೇಲೆ ಅದಕ್ಕೆ ‘ಡರ್ಟಿ ಕೌ’ ಎಂಬ ಹೆಸರಾಯಿತು.

ಅದು ಕೆಲಸ ಮಾಡುತ್ತಿದ್ದ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ಕರ್ನಲ್ ಒಂದೇ ಫೈಲನ್ನು ಹಲವು ಆ್ಯಪ್‌ಗಳಿಗೆ ಓದಲು ಕೊಡುವಾಗ ಪ್ರತಿಯೊಂದಕ್ಕೂ ಬೇರೆ ಪ್ರತಿ ಮಾಡುವುದಿಲ್ಲ. ಮೆಮೊರಿಯ ಒಂದೇ ಪುಟವನ್ನು ಎಲ್ಲಕ್ಕೂ ತೋರಿಸುತ್ತದೆ. ಯಾವುದಾದರೂ ಆ್ಯಪ್ ಅದರ ಮೇಲೆ ಬರೆಯಲು ಹೊರಟಾಗ ಮಾತ್ರ ಅದಕ್ಕೆಂದು ನಕಲು ತೆಗೆದು ಕೊಡುತ್ತದೆ, ಮೂಲ ಹಾಗೇ ಉಳಿಯುತ್ತದೆ. ದೋಷವಿದ್ದದ್ದು ನಕಲು ತೆಗೆಯುವ ಮತ್ತು ಬರೆಯುವ ಕೆಲಸಗಳ ನಡುವಣ ಅರೆಗಳಿಗೆಯಲ್ಲಿ. ನಕಲು ತೆಗೆದ ಕೂಡಲೇ ಕರ್ನಲ್ ‘ಇದು ಬರೆಯಲು ಬಂದ ಕೋರಿಕೆ’ ಎಂಬ ಗುರುತನ್ನು ಅಳಿಸಿ, ಪುಟವನ್ನು ಇನ್ನೊಮ್ಮೆ ಹುಡುಕಿಕೊಂಡು ಹೋಗುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ದಾಳಿಕೋರ ಪ್ರೋಗ್ರಾಮಿನ ಇನ್ನೊಂದು ಎಳೆ (ಅದರ ಜೊತೆಜೊತೆಗೇ ಓಡುವ ಭಾಗ) ‘ಆ ನಕಲು ನನಗೆ ಬೇಡ’ ಎಂದು ಎಸೆಸಿಬಿಟ್ಟರೆ, ಕರ್ನಲ್‌ನ ಕೈಗೆ ಸಿಗುವುದು ಮೂಲ ಪುಟ. ಗುರುತು ಅಳಿದಿರುವುದರಿಂದ ಕೋರಿಕೆ ಓದುವುದಕ್ಕೆ ಬಂದಂತೆ ಕಾಣುತ್ತದೆ, ತಡೆಯುವ ಕಾರಣವೇ ಇಲ್ಲ. ಬರಹ ನೇರ ಮೂಲದ ಮೇಲೆ ಬೀಳುತ್ತದೆ. ಎರಡೂ ಎಳೆಗಳನ್ನು ಬಿಡದೆ ಸುತ್ತಿಸುತ್ತಿದ್ದರೆ ಯಾವಾಗಲೋ ಒಮ್ಮೆ ಸಮಯ ಹೊಂದಿಯೇ ಹೊಂದುತ್ತದೆ. ಓದಲಷ್ಟೇ ಅನುಮತಿಯಿದ್ದ ಸಿಸ್ಟಂ ಫೈಲನ್ನು ಯಾವುದೋ ಪುಟ್ಟ ಆ್ಯಪ್ ತಿದ್ದಿ ಇಡೀ ಯಂತ್ರದ ಒಡೆತನ ಪಡೆಯುತ್ತದೆ.

ಫಿಲ್ ಓಸ್ಟರ್ ಎಂಬವರು ತಮ್ಮ ಸರ್ವರಿನ ಮೇಲೆ ನಡೆದ ದಾಳಿಯನ್ನು ಸೆರೆಹಿಡಿದು ಬಿಡಿಸಿ ನೋಡಿದಾಗ ಇದು ಬೆಳಕಿಗೆ ಬಂತು. ಅಂದರೆ ಸರಿಪಡಿಸುವವರಿಗಿಂತ ಮೊದಲೇ ಕೆಡುಕು ಮಾಡುವವರಿಗೆ ಗೊತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಲಿನಕ್ಸ್‌ನ ಮೂಲಕರ್ತ ಲಿನಸ್ ಟೊರ್ವಾಲ್ಡ್ಸ್ ಖುದ್ದಾಗಿ ದುರಸ್ತಿ ಬರೆದರು. ಎರಡು ಫೈಲುಗಳಲ್ಲಿ ಹದಿನೈದು ಸಾಲಿನ ಆಸುಪಾಸು, ಅಷ್ಟೇ. ಗುರುತನ್ನು ಅಳಿಸುವ ಬದಲು ‘ನಕಲು ಆಗಿದೆ’ ಎಂಬ ಹೊಸ ಗುರುತು ಇಟ್ಟು, ಪುಟ ನಿಜವಾಗಿ ತಿದ್ದಿದ ನಕಲೇ ಹೌದೋ ಎಂದು ಪರೀಕ್ಷಿಸುವ ಸಾಲುಗಳು. ಆ ದುರಸ್ತಿಯ ಜೊತೆಗಿನ ಟಿಪ್ಪಣಿಯಲ್ಲಿ ಅವರು ಒಂದು ವಿಷಯವನ್ನು ಮುಚ್ಚಿಡದೆ ದಾಖಲಿಸಿದ್ದಾರೆ: ಹನ್ನೊಂದು ವರ್ಷಗಳ ಹಿಂದೆ ತಾವೇ ಇದರ ಹಳೆಯ ರೂಪವನ್ನು ಸರಿಪಡಿಸಲು ಹೋಗಿದ್ದರು, ಆ ದುರಸ್ತಿ ಚೆನ್ನಾಗಿರಲಿಲ್ಲ, ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ ತೊಂದರೆ ಕೊಟ್ಟಿತೆಂದು ಅದನ್ನು ಹಿಂದಕ್ಕೆ ತೆಗೆದಿದ್ದರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2016ರ ದುರಸ್ತಿ ‘ಪುಟ ತಿದ್ದಲ್ಪಟ್ಟಿದೆ’ ಎಂಬ ಒಂದು ಬಿಟ್ ಅನ್ನು ನಂಬಿತ್ತು. ಮೆಮೊರಿಯನ್ನು ದೊಡ್ಡ ಪುಟಗಳಲ್ಲಿ ಹಂಚುವ ಇನ್ನೊಂದು ದಾರಿಯಲ್ಲಿ, ಬರೀ ಓದಿದರೂ ಆ ಬಿಟ್ ಏರುತ್ತಿತ್ತು. ದುರಸ್ತಿಯನ್ನು ದೊಡ್ಡ ಪುಟಗಳಿಗೂ ವಿಸ್ತರಿಸುವಾಗ ಇದು ಯಾರ ಕಣ್ಣಿಗೂ ಬೀಳಲಿಲ್ಲ. 2017ರ ನವೆಂಬರ್ ಕೊನೆಗೆ ಬೈಂಡೆಸಿ ಎಂಬ ಸಂಸ್ಥೆಯ ಸಂಶೋಧಕರು ಅದನ್ನು ಬಯಲಿಗೆಳೆದರು. ಈ ಎರಡನೆಯ ದೋಷದ ಅಪಾಯ ಮೊದಲಿನಷ್ಟು ದೊಡ್ಡದಲ್ಲ, ನಿಜ. ನನ್ನನ್ನು ಕಾಡುವುದು ಬೇರೆ. ಕರ್ನಲ್‌ನ ಮೂಲಕರ್ತನೇ ಬರೆದ, ಜಗತ್ತೆಲ್ಲ ಕಣ್ಣರಳಿಸಿ ನೋಡಿದ ದುರಸ್ತಿ ವರ್ಷದ ಮೇಲೆ ಅಪೂರ್ಣವೆಂದು ತಿಳಿಯಿತು. ಹಾಗಿದ್ದರೆ ಯಾರೂ ಕಣ್ಣೆತ್ತಿ ನೋಡದ ಸಾವಿರಾರು ಸಣ್ಣಪುಟ್ಟ ದುರಸ್ತಿಗಳ ಪಾಡೇನು?

ಇದಕ್ಕೆ ಅಂಕಿಯಲ್ಲಿ ಉತ್ತರವಿದೆ. 2011ರಲ್ಲಿ ಜುವೊನಿಂಗ್ ಯಿನ್ ಮತ್ತು ಸಂಗಡಿಗರು ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಸೋಲಾರಿಸ್ ಮತ್ತು ಒಂದು ಖಾಸಗಿ ಕಂಪನಿಯ ಆಪರೇಟಿಂಗ್ ಸಿಸ್ಟಂನಲ್ಲಿ ಬಿಡುಗಡೆಯ ನಂತರ ಆದ ದುರಸ್ತಿಗಳನ್ನು ಆರಿಸಿ ಪರಿಶೀಲಿಸಿದರು. ಅವುಗಳಲ್ಲಿ ಶೇ 14.8ರಿಂದ ಶೇ 24.4ರಷ್ಟು ತಪ್ಪು ದುರಸ್ತಿಗಳು. ತಪ್ಪಿದವುಗಳಲ್ಲಿ ಶೇ 43ರಷ್ಟು ಯಂತ್ರ ನಿಲ್ಲಿಸುವಂಥವು, ದತ್ತಾಂಶ ಕೆಡಿಸುವಂಥವು ಅಥವಾ ಭದ್ರತೆಗೆ ತೂತು ಮಾಡುವಂಥವು. ಡರ್ಟಿ ಕೌ ರೀತಿಯ, ಎರಡು ಎಳೆಗಳು ಏಕಕಾಲಕ್ಕೆ ಓಡುವಾಗ ಹುಟ್ಟುವ ದೋಷಗಳಂತೂ ಎಲ್ಲಕ್ಕಿಂತ ಕಷ್ಟ: ಅವುಗಳ ದುರಸ್ತಿಯಲ್ಲಿ ಶೇ 39ರಷ್ಟು ತಪ್ಪು. ಇನ್ನೊಂದು ಅಂಕಿ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ತಪ್ಪು ದುರಸ್ತಿಗಳಲ್ಲಿ ಶೇ 27ರಷ್ಟನ್ನು ಮಾಡಿದವರು ಆ ಫೈಲುಗಳನ್ನು ಅದಕ್ಕೂ ಮೊದಲು ಒಮ್ಮೆಯೂ ಮುಟ್ಟಿದವರಲ್ಲ. ಆ ಜಾಗ ಬಲ್ಲ ಇನ್ನೊಬ್ಬರು ಕೂತು ಓದಿದ್ದರೆ ಇವುಗಳಲ್ಲಿ ಎಷ್ಟೋ ಅಲ್ಲೇ ನಿಲ್ಲುತ್ತಿದ್ದವು.

ಹತ್ತು ವರ್ಷ ಕಳೆದ ಮೇಲೆ ಇನ್ನೊಂದು ಲೆಕ್ಕ ಅನಿರೀಕ್ಷಿತವಾಗಿ ಸಿಕ್ಕಿತು. ಬೇಕೆಂದೇ ದೋಷವಿಟ್ಟ ದುರಸ್ತಿಗಳನ್ನು ಪರಿಶೀಲಿಸುವವರು ಹಿಡಿಯುತ್ತಾರೋ ಇಲ್ಲವೋ ಎಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿದ್ದು 2021ರಲ್ಲಿ ದೊಡ್ಡ ರಂಪವಾಯಿತು. ಆಗ ಆ ವಿಶ್ವವಿದ್ಯಾಲಯದಿಂದ ಹಿಂದೆ ಬಂದಿದ್ದ 435 ಬದಲಾವಣೆಗಳನ್ನೂ ಕರ್ನಲ್‌ನವರು ಮತ್ತೆ ಒಂದೊಂದಾಗಿ ಓದಿದರು. ಬಹುಪಾಲು ಸರಿಯಾಗಿಯೇ ಇದ್ದವು. ಆದರೆ 39 ತಪ್ಪಾಗಿದ್ದು ತಿದ್ದಬೇಕಾಯಿತು. ಇನ್ನೂ 25 ತಪ್ಪಾಗಿದ್ದು ಅಷ್ಟರಲ್ಲೇ ಯಾರೋ ತಿದ್ದಿದ್ದರು. ಇವು ಪ್ರಾಮಾಣಿಕ ಉದ್ದೇಶದಿಂದ ಬಂದು, ಒಮ್ಮೆ ಪರಿಶೀಲನೆ ದಾಟಿ, ಕರ್ನಲ್‌ಗೆ ಸೇರಿದ್ದವು. ಎರಡು ಅಧ್ಯಯನಗಳ ನಡುವೆ ದಶಕದ ಅಂತರವಿದ್ದರೂ ಪ್ರಮಾಣ ಮೊದಲ ಅಧ್ಯಯನದ ಕನಿಷ್ಠ ಅಂಕಿಯ ಆಸುಪಾಸಿನದೇ: ಏಳರಲ್ಲಿ ಒಂದು.

ರೇಷ್ಮೆಯ ಈ ಸೀಮೆಗೆ ದುರಸ್ತಿಯ ಪರಿಶೀಲನೆ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ಮಾಗಡಿ, ಕುಣಿಗಲ್ ಕಡೆ ಬಿತ್ತನೆ ಗೂಡು ಬೆಳೆಯುವವರಿಗೆ ಗೊತ್ತು: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಂಟುರೋಗದ ಬೀಜಕಣ ಕಂಡರೆ ಆ ಮೊಟ್ಟೆಗಳನ್ನೇ ಸುಟ್ಟುಹಾಕುತ್ತಾರೆ. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಕ್ರಮ ಇದು. ಮೊಟ್ಟೆ ನೋಡಲು ಚೆನ್ನಾಗಿಯೇ ಇರುತ್ತದೆ, ರೋಗ ತಾಯಿಯಿಂದ ಒಳಗೇ ಸಾಗಿ ಬಂದಿರುತ್ತದೆ. ಪರೀಕ್ಷೆಯಿಲ್ಲದೆ ಮನೆಮನೆಗೆ ಹಂಚಿದರೆ ಕೆಡುವುದು ಒಬ್ಬರ ತಟ್ಟೆಯಲ್ಲ, ಊರಿನ ಬೆಳೆ. ಕರ್ನಲ್‌ನ ಒಳ್ಳೆಯ ಪರಿಶೀಲಕರೂ ಹೊರನೋಟಕ್ಕೆ ಸರಿಕಂಡ ದುರಸ್ತಿಯನ್ನು ಹೀಗೇ ಅರೆದು ನೋಡುತ್ತಾರೆ. ಇದೇ ದೋಷಕ್ಕೆ ಇನ್ನೊಂದು ದಾರಿ ಇದೆಯೇ, ಬೀಗ ಹಾಕಿದ ಕ್ರಮ ಸರಿಯೇ, ಬಿಟ್ಟುಕೊಟ್ಟ ಮೆಮೊರಿಯನ್ನು ಬೇರೆ ಯಾರಾದರೂ ಇನ್ನೂ ಹಿಡಿದಿದ್ದಾರೆಯೇ, ಹಳೆಯ ಆವೃತ್ತಿಗೆ ಇದನ್ನು ಒಯ್ದರೆ ಅಲ್ಲಿ ಅರ್ಥ ಬದಲಾಗುತ್ತದೆಯೇ ಎಂದು ಕೇಳುತ್ತಾರೆ. ಆಮೇಲೆ ‘ನಾನು ಓದಿದ್ದೇನೆ’ ಎಂದು ತಮ್ಮ ಹೆಸರು ಹಾಕುತ್ತಾರೆ. ಹೆಸರು ಹಾಕುವವರ ಸಂಖ್ಯೆ ಮಾತ್ರ ಕೆಲಸದ ಹೊರೆಗೆ ತಕ್ಕಂತೆ ಬೆಳೆಯುತ್ತಿಲ್ಲ. ಲಿನಕ್ಸ್‌ನ ಮುಖ್ಯ ಫೈಲ್‌ಸಿಸ್ಟಂಗಳಲ್ಲೊಂದಾದ ಎಕ್ಸ್ಎಫ್ಎಸ್‌ನ ಹೊಣೆ ಹೊತ್ತಿದ್ದ ಡ್ಯಾರಿಕ್ ವಾಂಗ್ 2023ರಲ್ಲಿ ದಣಿದು ಆ ಜವಾಬ್ದಾರಿ ಬಿಟ್ಟರು. ಅವರೊಬ್ಬರೇ ಅಲ್ಲ.

ಸರಿ, ದುರಸ್ತಿ ಪಕ್ಕಾ ಆಯಿತು ಎಂದೇ ಇಟ್ಟುಕೊಳ್ಳೋಣ. ಅದು ರಾಮನಗರದ ಫೋನಿಗೆ ಬರುತ್ತದೆಯೇ?

ಆಂಡ್ರಾಯ್ಡ್‌ನ ಆ್ಯಪ್‌ಗಳು ಪರಸ್ಪರ ಮಾತಾಡುವುದು ಬೈಂಡರ್ ಎಂಬ ಕರ್ನಲ್ ಭಾಗದ ಮೂಲಕ. 2017ರ ನವೆಂಬರ್‌ನಲ್ಲಿ ಗೂಗಲ್‌ನ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆಯೊಂದು ಅದರಲ್ಲಿ ದೋಷ ಹಿಡಿಯಿತು: ಒಂದು ಎಳೆ ಮುಗಿದು ಅದರ ಮೆಮೊರಿ ಬಿಟ್ಟುಕೊಟ್ಟ ಮೇಲೂ ಇನ್ನೊಂದು ಭಾಗ ಆ ಜಾಗವನ್ನೇ ಬಳಸುತ್ತಿತ್ತು. 2018ರ ಆರಂಭದಲ್ಲಿ ದುರಸ್ತಿಯಾಯಿತು. ಕೆಲವೇ ವಾರಗಳಲ್ಲಿ ಆ ದುರಸ್ತಿಯೂ ಸಾಲದು ಎಂದು ಗೊತ್ತಾಗಿ, ಮೆಮೊರಿ ಬಿಡುವ ಮುನ್ನ ಇತರ ಓದುಗ ಎಳೆಗಳು ಮುಗಿಯುವವರೆಗೆ ಕಾಯುವ ಇನ್ನೊಂದು ಸಾಲು ಸೇರಿಸಬೇಕಾಯಿತು. ಹೀಗೆ ಕಾಯುವ ತಂತ್ರಕ್ಕೆ ಆರ್‌ಸಿಯು ಎನ್ನುತ್ತಾರೆ. 2002ರಲ್ಲಿ ಅದನ್ನು ಲಿನಕ್ಸ್‌ಗೆ ಸೇರಿಸಿದವರು ಐಬಿಎಂನ ಬೆಂಗಳೂರು ಕೇಂದ್ರದ ದೀಪಂಕರ್ ಸರ್ಮಾ. ರಾಮನಗರದಿಂದ ಐವತ್ತು ಕಿಲೋಮೀಟರ್ ದೂರದಲ್ಲಿ ಕೂತವರು ಜಗತ್ತಿನ ಎಲ್ಲ ಆಂಡ್ರಾಯ್ಡ್ ಫೋನುಗಳ ಒಳಗಿರುವ ಈ ಭಾಗವನ್ನು ಕಟ್ಟಿದ್ದಾರೆ ಎಂಬುದನ್ನು ಇಲ್ಲಿ ನೆನೆಯುವುದು ಬರೀ ಹೆಮ್ಮೆಗಲ್ಲ, ಮುಂದೆ ಅದರ ಕೆಲಸವಿದೆ.

ಬೈಂಡರ್ ದುರಸ್ತಿ ಲಿನಕ್ಸ್ 4.14ರ ದೀರ್ಘಾವಧಿ ಆವೃತ್ತಿಗೆ ಸೇರಿತು. ಅದಕ್ಕೆ ಭದ್ರತಾ ದೋಷದ ಸಂಖ್ಯೆ ಕೊಡಲಿಲ್ಲ, ಆಂಡ್ರಾಯ್ಡ್‌ನ ಮಾಸಿಕ ಭದ್ರತಾ ಪ್ರಕಟಣೆಯಲ್ಲೂ ಹಾಕಲಿಲ್ಲ. ಆದ್ದರಿಂದ ಆಗಲೇ ಮಾರಾಟವಾಗಿದ್ದ ಎಷ್ಟೋ ಫೋನುಗಳಿಗೆ ಅದು ಹೋಗಲೇ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಮ್ಯಾಡಿ ಸ್ಟೋನ್ ಈ ದೋಷವನ್ನು ಬಳಸಿ ದಾಳಿಗಳು ನಡೆಯುತ್ತಿರುವ ಮಾಹಿತಿ ಹಿಡಿದು ಹುಡುಕಿದಾಗ, ದುರಸ್ತಿಯಾಗಿ ಒಂದೂವರೆ ವರ್ಷ ದಾಟಿದ ದೋಷ ಫೋನುಗಳಲ್ಲಿ ಜೀವಂತವಾಗಿತ್ತು. ಅವರು ಕೊಟ್ಟ ಪಟ್ಟಿಯಲ್ಲಿ ಪಿಕ್ಸೆಲ್ 2, ಸ್ಯಾಮ್‌ಸಂಗ್ ಎಸ್8 ಇದ್ದವು. ಶಿಯೋಮಿಯ ರೆಡ್ಮಿ 5ಎ, ರೆಡ್ಮಿ ನೋಟ್ 5, ಎಂಐ ಎ1 ಕೂಡ ಇದ್ದವು. ಕೊನೆಯ ಮೂರು ಆ ಕಾಲದಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಮೊಬೈಲ್ ಅಂಗಡಿಗಳಲ್ಲಿ ಬಿಸಿಬಿಸಿಯಾಗಿ ಖರ್ಚಾದ ಫೋನುಗಳು.

ಇಂತಹ ದೋಷದಿಂದ ಭಾರತಕ್ಕೆ ಪೆಟ್ಟು ಬೀಳುವುದು ಊಹೆಯಲ್ಲ, ಒಮ್ಮೆ ಬಿದ್ದಾಗಿದೆ. ಡರ್ಟಿ ಕೌ ದುರಸ್ತಿಯನ್ನು ಗೂಗಲ್ 2016ರ ನವೆಂಬರ್–ಡಿಸೆಂಬರ್‌ನ ಪ್ರಕಟಣೆಗಳಲ್ಲಿ ಆಂಡ್ರಾಯ್ಡ್‌ಗೆ ಸೇರಿಸಿತು. ಅದೇ ನವೆಂಬರ್ 8ರ ರಾತ್ರಿ ನೋಟು ರದ್ದಾಗಿ, ಫೋನಿನಲ್ಲಿ ಹಣ ಕೊಡುವುದು ನಮ್ಮ ಸಂತೆಗಳಿಗೂ ಬಂತು. ಹಣ ಫೋನಿಗೆ ಬಂದಷ್ಟು ಬೇಗ ದುರಸ್ತಿ ಬರಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆ, ಡರ್ಟಿ ಕೌ ಬಳಸಿಕೊಂಡು ಫೋನಿನೊಳಗೆ ಕಳ್ಳಬಾಗಿಲು ಕೊರೆಯುವ ಜೆಡ್‌ಎನ್‌ಐಯು ಎಂಬ ಕುತಂತ್ರಾಂಶವನ್ನು 1,200ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕಂಡಿತು. ಅದು ಹರಡಿದ್ದ ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಹೆಚ್ಚಿನ ಬಲಿಪಶುಗಳು ಚೀನಾ ಮತ್ತು ಭಾರತದವರು. ಹಣ ಕದ್ದದ್ದು ಚೀನಾದ ಮೊಬೈಲ್ ಕಂಪನಿಗಳ ಎಸ್‌ಎಂಎಸ್ ಪಾವತಿ ಮೂಲಕ ಮಾತ್ರ. ನಮ್ಮವರ ಫೋನಿನಲ್ಲಿ ಕಳ್ಳಬಾಗಿಲಷ್ಟೇ ಉಳಿಯಿತು. ಆ ಹೊತ್ತಿಗೆ ಇಲ್ಲಿ ಫೋನಿನೊಳಗೆ ಕದಿಯುವಂಥದ್ದು ಇನ್ನೂ ಕಡಿಮೆಯಿತ್ತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ನಡೆದ ಯುಪಿಐ ವಹಿವಾಟುಗಳು 2,000 ಕೋಟಿ.

ಈಗಿನ ಸ್ಥಿತಿ ನೋಡಿ. ಲಿನಕ್ಸ್ 4.14ಕ್ಕೆ ದುರಸ್ತಿ ಕೊಡುವುದನ್ನು ಅದರ ನಿರ್ವಾಹಕರು 2024ರ ಜನವರಿಯಲ್ಲಿ ನಿಲ್ಲಿಸಿದರು. 4.19ಕ್ಕೆ 2024ರ ಡಿಸೆಂಬರ್‌ನಲ್ಲಿ, 5.4ಕ್ಕೆ 2025ರ ಡಿಸೆಂಬರ್‌ನಲ್ಲಿ ನಿಂತಿತು. 2019–2021ರ ಸುಮಾರಿಗೆ ಬಂದ ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿರುವುದು ಈ ಮೊದಲೆರಡು. ಫೋನ್ ಕಂಪನಿ ಬೇಕೆಂದರೂ ಈಗ ಸಿದ್ಧ ದುರಸ್ತಿ ಮೂಲದಿಂದ ಇಳಿದು ಬರುವುದಿಲ್ಲ. ಹೊಸ ಆವೃತ್ತಿಯ ದುರಸ್ತಿಯನ್ನು ತಾನೇ ಹಳೆಯದಕ್ಕೆ ಹೊಂದಿಸಬೇಕು, ತಾನೇ ಪರೀಕ್ಷಿಸಬೇಕು. ಹಾಗೆ ಹೊಂದಿಸುವಾಗಲೇ ತಪ್ಪುಗಳು ನುಸುಳುವುದು. ಅತ್ತ ಹೊಸ ಆವೃತ್ತಿಗಳಲ್ಲಿ ದುರಸ್ತಿಗಳು ನಿಲ್ಲುವುದಿಲ್ಲ. 2024ರ ಫೆಬ್ರುವರಿಯಿಂದ ಕರ್ನಲ್‌ನವರೇ ಭದ್ರತಾ ದೋಷಗಳಿಗೆ ಸಂಖ್ಯೆ ಕೊಡತೊಡಗಿದ್ದಾರೆ. ವರ್ಷಕ್ಕೆ ಸಾವಿರಗಟ್ಟಲೆ ಸಂಖ್ಯೆಗಳು. ಅವುಗಳಲ್ಲಿ ಎಷ್ಟೋ ದೋಷಗಳು ಹಳೆಯ ಆವೃತ್ತಿಗಳಲ್ಲೂ ಇರುವಂಥವು. 2025ರ ಫೆಬ್ರುವರಿಯಲ್ಲಿ ಆಂಡ್ರಾಯ್ಡ್ ಸರಿಪಡಿಸಿದ ಯುಎಸ್‌ಬಿ ವಿಡಿಯೊ ದೋಷ 2008ರಿಂದ ಇತ್ತು; ಸರ್ಬಿಯಾದಲ್ಲಿ ವಿದ್ಯಾರ್ಥಿ ಹೋರಾಟಗಾರರೊಬ್ಬರ ಫೋನ್ ಬಿಚ್ಚಲು ಅದನ್ನು ಬಳಸಿದ್ದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಪತ್ತೆಹಚ್ಚಿತು. ಹೊಸ ಫೋನಿಗೆ ದುರಸ್ತಿಯಾಗಿ ಬರುವ ಪ್ರತಿ ಸಾಲೂ, ದುರಸ್ತಿ ಬಾರದ ಫೋನಿನ ಮಟ್ಟಿಗೆ, ಎಲ್ಲಿ ಹೊಡೆಯಬೇಕೆಂಬ ಬಹಿರಂಗ ಸೂಚನೆ.

ಆ ಸೂಚನೆ ಓದಲು ಇಲ್ಲಿಯವರೆಗೆ ಪರಿಣತರು ಬೇಕಿತ್ತು. ಈ ತಡೆಯೂ ಸವೆಯುತ್ತಿದೆ. 2025ರ ಮೇ ತಿಂಗಳಲ್ಲಿ ಶಾನ್ ಹೀಲನ್ ಎಂಬ ಭದ್ರತಾ ಸಂಶೋಧಕ ಕರ್ನಲ್‌ನ ಫೈಲ್ ಹಂಚಿಕೆ ಭಾಗವೊಂದರ ಕೋಡನ್ನು ಓಪನ್‌ಎಐನ ಒ3 ಮಾದರಿಗೆ ಓದಿಸಿದ ಪ್ರಯೋಗವನ್ನು ಪ್ರಕಟಿಸಿದರು. ತಮಗೆ ಮೊದಲೇ ಗೊತ್ತಿದ್ದ ದೋಷವನ್ನು ಅದು ನೂರು ಬಾರಿ ಓದಿಸಿದರೆ ಎಂಟು ಬಾರಿ ಹಿಡಿಯಿತು, ಇಪ್ಪತ್ತೆಂಟು ಬಾರಿ ಇಲ್ಲದ ದೋಷ ಹೇಳಿತು. ಇನ್ನೂ ಹೆಚ್ಚು ಕೋಡ್ ಕೊಟ್ಟಾಗ ಹಿಡಿದದ್ದು ನೂರಕ್ಕೆ ಒಂದು. ಆದರೆ ಆ ಓದಿನಲ್ಲೇ ಯಾರಿಗೂ ಗೊತ್ತಿರದಿದ್ದ ಹೊಸ ದೋಷವೊಂದನ್ನು ಎತ್ತಿ ತೋರಿಸಿತು. ಅದರ ವಿವರ ಓದಿದಾಗ ಹೀಲನ್ ಅವರಿಗೆ ಇನ್ನೂ ಒಂದು ಅರಿವಾಯಿತು: ಮೊದಲ ದೋಷಕ್ಕೆ ತಾವು ಸೂಚಿಸಿದ್ದ ದುರಸ್ತಿ ಸಾಲದು, ಎರಡು ಸಂಪರ್ಕಗಳು ಒಂದೇ ಸೆಷನ್‌ಗೆ ಬಂದು ಸೇರಿದರೆ ಅದು ಸೋಲುತ್ತದೆ. ಹೀಲನ್ ಇದನ್ನು ಪ್ರಾಮಾಣಿಕವಾಗಿ ಬರೆದು ಸರಿಪಡಿಸಿದರು. ಇದೇ ಯಂತ್ರದಿಂದ ಅರೆಬರೆ ದುರಸ್ತಿಗಳನ್ನೇ ಹುಡುಕಿಸಿ ಮೌನವಾಗಿ ಇಟ್ಟುಕೊಳ್ಳುವವರು ಇರುವುದಿಲ್ಲ ಎಂದು ನಂಬಲು ನನ್ನಲ್ಲಿ ಕಾರಣವಿಲ್ಲ. ನೂರಕ್ಕೆ ಒಂದೇ ಹಿಟ್ ಆದರೂ ಅವರಿಗೆ ಸಾಕು. ಸುಳ್ಳು ವರದಿಗಳನ್ನು ಸೋಸುವ ಕಷ್ಟವೆಲ್ಲ ಸರಿಪಡಿಸುವವರ ಪಾಲಿಗೆ.

ಈ ನಾಲ್ಕು ಊರುಗಳಲ್ಲಿ ಇದು ಹೇಗೆ ಇಳಿದು ಬರಬಹುದು? ವಾಟ್ಸ್ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಆರ್‌ಟಿಒ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆ (ಒತ್ತಿದರೆ ಆ್ಯಪ್ ಅಳವಡಿಸುವ) ಫೈಲುಗಳ ಮೋಸ ಈಗಾಗಲೇ ನಮಗೆ ಪರಿಚಿತ. ಒತ್ತಿದವರೆಲ್ಲ ಹಣ ಕಳೆದುಕೊಳ್ಳುತ್ತಿಲ್ಲ. ಏಕೆಂದರೆ ಆ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಅಲ್ಲಿ ಎಷ್ಟೋ ಜನ ಅನುಮಾನಪಟ್ಟು ಬಿಟ್ಟುಬಿಡುತ್ತಾರೆ. ಆ ಅನುಮತಿಯ ಪರದೆ ನಿಂತಿರುವುದು ಕರ್ನಲ್‌ನ ಬಲದ ಮೇಲೆ. ಕರ್ನಲ್‌ನಲ್ಲೇ ದುರಸ್ತಿಯಾಗದ ತೂತಿದ್ದರೆ ಆ್ಯಪ್ ಯಾರನ್ನೂ ಏನನ್ನೂ ಕೇಳಬೇಕಿಲ್ಲ. ಇಂದಿನ ಎಪಿಕೆ ಮೋಸಕ್ಕೆ ಹಳೆಯ ಕರ್ನಲ್ ದೋಷವನ್ನು ಕೂಡಿಸಿದರೆ ಸಾಕು, ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಇದು ಆಗುವುದೇ ಇಲ್ಲ ಎನ್ನುವ ವಾದವನ್ನು ಜೆಡ್‌ಎನ್‌ಐಯು 2017ರಲ್ಲೇ ಕೆಡವಿದೆ.

ಇದರ ಜೊತೆಗೆ ನಮ್ಮ ಮನೆಗಳದೊಂದು ವಾಡಿಕೆಯಿದೆ. ಮಗ ಬಿಡದಿಯ ಕಾರ್ಖಾನೆಯಲ್ಲೋ ಬೆಂಗಳೂರಲ್ಲೋ ಕೆಲಸಕ್ಕೆ ಸೇರಿ ಹೊಸ ಫೋನ್ ಕೊಂಡಾಗ ಹಳೆಯದು ಅಪ್ಪನಿಗೆ ಬರುತ್ತದೆ. ಗೂಡು ಮಾರಿದ ಹಣದ ಎಸ್‌ಎಂಎಸ್, ಹಾಲಿನ ಡೇರಿಯ ಬಟವಾಡೆ, ಬೆಳೆ ಸಾಲದ ಖಾತೆ, ಎಲ್ಲವೂ ಅಪ್ಪನ ನಂಬರಿಗೆ. ಅಂದರೆ ಮನೆಯ ಅತಿ ಹಳೆಯ ಕರ್ನಲ್ ಇರುವ ಫೋನಿನಲ್ಲೇ ಮನೆಯ ಮುಖ್ಯ ಆದಾಯ ಕೂತಿರುತ್ತದೆ. ಚನ್ನಪಟ್ಟಣದಲ್ಲಿ ಹೆದ್ದಾರಿ ಊರ ಹೊರಗೆ ಹಾದುಹೋದ ಮೇಲೆ ಗೊಂಬೆ ಅಂಗಡಿಗಳಿಗೆ ದಾರಿಹೋಕ ಗಿರಾಕಿ ಕಡಿಮೆಯಾಗಿ, ಫೋನಿನಲ್ಲಿ ಬರುವ ಆರ್ಡರು ಇನ್ನಷ್ಟು ಮುಖ್ಯವಾಗಿದೆ. ಗೂಡಿನ ಮಾರುಕಟ್ಟೆಯಲ್ಲಂತೂ ಸಣ್ಣ ರೀಲರಿನ ದಿನದ ಬಂಡವಾಳವೇ ಒಂದು ಫೋನಿನಲ್ಲಿ. ಬೆಳಿಗ್ಗೆ ಆ ಖಾತೆ ಖಾಲಿಯಾದರೆ ಅಂದು ಒಲೆ ಹೊತ್ತುವುದಿಲ್ಲ; ಬೇಸಿನ್ ಮುಂದೆ ಕೂತು ನೂಲು ತೆಗೆಯುವವರಿಗೆ ಕೂಲಿಯಿಲ್ಲ.

‘ಅಪ್‌ಡೇಟ್ ಹಾಕಿದರೆ ಫೋನ್ ಸ್ಲೋ ಆಗುತ್ತೆ ಸಾರ್’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಪರೀಕ್ಷಿಸದ ಅಪ್‌ಡೇಟ್ ಏನು ಮಾಡಬಲ್ಲದೆಂದು 2024ರ ಜುಲೈ 19ರಂದು ನೋಡಿದ್ದೇವೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ವಿಂಡೋಸ್‌ನ ಕರ್ನಲ್ ಒಳಗೆ ಓಡುವ ತನ್ನ ತಂತ್ರಾಂಶಕ್ಕೆ ಒಂದು ಫೈಲು ಕಳಿಸಿತು. ಆ ಫೈಲಿನ ನಮೂನೆಯಲ್ಲಿ 21 ಅಂಶಗಳು, ಓದುವ ಕೋಡ್ ಒದಗಿಸುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕಿ ಹೋದ ಕರ್ನಲ್ ಕುಸಿಯಿತು. ಕಳಿಸುವ ಮುನ್ನ ಪರೀಕ್ಷಿಸಬೇಕಾಗಿದ್ದ ಉಪಕರಣದಲ್ಲೂ ದೋಷವಿತ್ತು. ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಗೆ ಬಂದು ನಿಂತವು; ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆದ್ದರಿಂದ ‘ಬಂದದ್ದನ್ನೆಲ್ಲ ಹಾಕಿಕೊಳ್ಳಿ’ ಎಂದಷ್ಟೇ ಜನರಿಗೆ ಬೋಧಿಸಿ ಕೈತೊಳೆದುಕೊಳ್ಳುವಂತಿಲ್ಲ. ಜನರ ಹಿಂಜರಿಕೆ ಹೋಗಬೇಕಾದರೆ ದುರಸ್ತಿಗಳೇ ನಂಬಿಕೆಗೆ ಅರ್ಹವಾಗಬೇಕು, ಅದಕ್ಕೆ ಓದಿ ನೋಡುವ ಜನ ಬೇಕು.

ಜನ ಎಲ್ಲಿಂದ ಬರಬೇಕು? ಆರ್‌ಸಿಯು ಕಟ್ಟಿದ ಬೆಂಗಳೂರಿನಲ್ಲಿ ಕರ್ನಲ್ ಬಲ್ಲ ಎಂಜಿನಿಯರುಗಳಿಗೆ ಬರವಿಲ್ಲ. ಅವರನ್ನು ನೇಮಿಸಿಕೊಂಡ ಕಂಪನಿಗಳು ಹೊಸ ಚಿಪ್‌ಗೆ ಕೋಡ್ ಬರೆಯಲು ಸಂಬಳ ಕೊಡುತ್ತವೆ, ಬೇರೆಯವರ ದುರಸ್ತಿ ಓದಲು ಗಂಟೆ ಕೊಡುವುದು ಕಡಿಮೆ. ಈ ಲೆಕ್ಕ ಬದಲಾಗಬೇಕು. ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಇನ್ನೊಂದು ಆ್ಯಪ್ ಮಾಡುವುದೇ ಆಗಬೇಕಿಲ್ಲ. 4.19ಕ್ಕೆ ದುರಸ್ತಿ ನಿಂತ ಮೇಲೆ ಹೊಸ ಆವೃತ್ತಿಗಳಲ್ಲಿ ಆದ ದುರಸ್ತಿಗಳಲ್ಲಿ ಯಾವುವು ಹಳೆಯ ಫೋನಿಗೂ ಅನ್ವಯಿಸುತ್ತವೆ ಎಂದು ಓದಿ ಗುರುತಿಸುವುದೂ ಪ್ರಾಜೆಕ್ಟ್ ಆಗಬಹುದು. ಒಂದು ದುರಸ್ತಿಯನ್ನು ಪೂರ್ತಿ ಅರ್ಥಮಾಡಿಕೊಂಡವರು ಹತ್ತು ಪುಸ್ತಕಕ್ಕಿಂತ ಹೆಚ್ಚು ಕಲಿತಿರುತ್ತಾರೆ.

ಕಾನೂನಿನ ಕಡೆಯಿಂದಲೂ ದಾರಿ ಇದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಮಾರುವ ಪ್ರತಿ ಫೋನಿಗೂ ಎಷ್ಟು ಕಾಲ ಭದ್ರತಾ ದುರಸ್ತಿ ಕೊಡುತ್ತೇವೆಂದು ಕಂಪನಿ ಹೇಳಲೇಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬಂದ ನಿಯಮ, ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷದ ಅಪ್‌ಡೇಟ್‌ಗಳ ಮಾತಾಡುತ್ತದೆ. ನಮ್ಮ ಅಂಗಡಿಯಲ್ಲಿ ಫೋನಿನ ಪೆಟ್ಟಿಗೆ ತಿರುಗಿಸಿ ನೋಡಿದರೆ ಎಂಆರ್‌ಪಿ, ತಯಾರಾದ ತಿಂಗಳು, ವಿಕಿರಣದ ಮಟ್ಟ ಎಲ್ಲ ಕಾಣುತ್ತವೆ. ದುರಸ್ತಿ ನಿಲ್ಲುವ ತಿಂಗಳು ಕಾಣುವುದಿಲ್ಲ. ಔಷಧದ ಪಟ್ಟಿಯ ಮೇಲೆ ಮುಗಿಯುವ ದಿನಾಂಕ ಕೇಳುವ ಸರ್ಕಾರ ಇದನ್ನೂ ಕೇಳಬಹುದು.

ಅಲ್ಲಿಯವರೆಗೆ ಮಾರುಕಟ್ಟೆಯಲ್ಲೇ ಮಾಡಬೇಕಾದ ಕೆಲಸವಿದೆ. ಹಣದ ವ್ಯವಹಾರ ನಡೆಸುವ ಸರ್ಕಾರಿ ಆ್ಯಪ್‌ಗಳು ಫೋನಿನ ದುರಸ್ತಿ ಯಾವ ತಿಂಗಳದ್ದೆಂದು ಓದಿ, ತೀರಾ ಹಳೆಯದಾದರೆ ಬಳಕೆದಾರರಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ಸ್ಪಷ್ಟವಾಗಿ ಹೇಳಬೇಕು. ಆದರೆ ಹಳೆಯ ಫೋನಿದ್ದವರನ್ನು ಹೊರಗೆ ನಿಲ್ಲಿಸಕೂಡದು. ಅವರಲ್ಲಿ ಹೆಚ್ಚಿನವರು ಸಣ್ಣ ರೀಲರುಗಳೇ. ಅಂಥವರಿಗಾಗಿ ಇಲಾಖೆಯ ನಿರ್ವಹಣೆಯಲ್ಲಿರುವ, ತಿಂಗಳು ತಿಂಗಳು ದುರಸ್ತಿ ಕಾಣುವ ಹರಾಜು ಯಂತ್ರಗಳು ಮಾರುಕಟ್ಟೆಯ ಒಳಗೇ ಇರಬೇಕು. ಯಂತ್ರ ಕೊಳ್ಳುವ ಟೆಂಡರಿನಲ್ಲಿ ಬೆಲೆಯ ಪಕ್ಕ ‘ಕರ್ನಲ್ ದುರಸ್ತಿ ಇಂಥ ವರ್ಷದವರೆಗೆ’ ಎಂಬ ಷರತ್ತೂ ಇರಬೇಕು.

ಓದುಗರು ಇವತ್ತೇ ಮಾಡಬಹುದಾದದ್ದೂ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಆಂಡ್ರಾಯ್ಡ್ ವರ್ಷನ್’ ಒತ್ತಿದರೆ ಭದ್ರತಾ ಅಪ್‌ಡೇಟಿನ ದಿನಾಂಕವೂ, ಅಲ್ಲೇ ಆಸುಪಾಸಿನಲ್ಲಿ ಕರ್ನಲ್‌ನ ಸಂಖ್ಯೆಯೂ ಸಿಗುತ್ತವೆ. ಸಂಖ್ಯೆ 4.14 ಎಂದೋ 4.19 ಎಂದೋ ಶುರುವಾಗಿ, ದಿನಾಂಕ ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಆ ಫೋನಿಗೆ ಇನ್ನು ದುರಸ್ತಿ ಬರುವುದನ್ನು ನೆಚ್ಚಿಕೊಳ್ಳಬೇಡಿ. ಪ್ಲೇ ಸ್ಟೋರಿನ ಹೊರಗಿನ ಯಾವ ಫೈಲನ್ನೂ ಅದರಲ್ಲಿ ತೆರೆಯಬೇಡಿ, ಕಳಿಸಿದವರು ಸ್ವಂತ ಅಣ್ಣನೇ ಆಗಿದ್ದರೂ. ಆ ಅಣ್ಣನ ಫೋನೇ ಯಾರದೋ ವಶದಲ್ಲಿರಬಹುದು. ಗೂಡಿನ ಹಣ ಅಥವಾ ಹಾಲಿನ ಹಣ ಬೀಳುವ ಖಾತೆಯನ್ನು ಆ ಫೋನಿನ ಯುಪಿಐಗೂ ಮೊಬೈಲ್ ಬ್ಯಾಂಕಿಂಗ್‌ಗೂ ಸೇರಿಸಬೇಡಿ. ಸಣ್ಣ ಖರ್ಚಿಗೆಂದು ಬೇರೆ ಖಾತೆ ತೆರೆದು, ವಾರಕ್ಕೆ ಬೇಕಾದಷ್ಟನ್ನು ಬ್ಯಾಂಕಿಗೆ ಹೋಗಿಯೋ ಚೆಕ್ಕಿನಲ್ಲೋ ಅದಕ್ಕೆ ಹಾಕಿಕೊಳ್ಳಿ. ದೊಡ್ಡ ಖಾತೆಯ ಒಟಿಪಿ ಬರುವ ಸಿಮ್ಮನ್ನು ಸಾದಾ ಕೀಪ್ಯಾಡ್ ಫೋನಿಗೆ ಹಾಕಿ ಮನೆಯಲ್ಲಿಡಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಮತ್ತು ಆ ಕರೆಯನ್ನು ಅದೇ ಫೋನಿನಿಂದ ಮಾಡಬೇಡಿ.